ಸ್ವೀಡಿಷ್ ಮುದುಕನ ಮೇಲೊಂದು ದೂರು

ಜನವರಿ ೧೮

ಅನುವಾದಕಿಯವರಿಗೆ,

ನೀವು ಯಾರೋ ನನಗೆ ಗೊತ್ತಿಲ್ಲ, ನಾನು ಯಾರೋ ನಿಮಗೆ ಗೊತ್ತಿಲ್ಲ. ಆದ್ದರಿಂದ ಕ್ಷೇಮ ಸಮಾಚಾರ ಕೇಳಿ ಇಬ್ಬರ ಹೊತ್ತನ್ನೂ ಹಾಳು ಮಾಡುವುದಿಲ್ಲ. ಪ್ರಕಾಶಕರ ವಿಳಾಸಕ್ಕೆ ಬರೆಯುತ್ತಿದ್ದೇನೆ. ಅವರು ನಿಮಗೆ ತಲುಪಿಸದಿದ್ದರೆ ಅದು ಅವರ ಪಾಪ.

ನೀವು ಸ್ವೀಡಿಷ್ ಭಾಷೆಯಿಂದ ಕನ್ನಡಕ್ಕೆ ತಂದ ಕಾದಂಬರಿಯನ್ನು ಓದಿ ಮುಗಿಸಿದೆ. ಕಡಲ ದಂಡೆಯ ಬೀದಿಯಲ್ಲಿ ಒಬ್ಬನೇ ಇರುವ, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ಮುದುಕನ ಕಥೆ. ಮುಕ್ಕಾಲು ಪಾಲು ಚೆನ್ನಾಗಿದೆ. ಆ ಮನುಷ್ಯ ಬಾಯಿಗೆ ಬಂದ ಹಾಗೆ ಬೈಯುತ್ತಾನೆ, ಆದರೆ ತಪ್ಪಿಲ್ಲದವರನ್ನು ಬೈಯುವುದಿಲ್ಲ. ನಾಯಿ ಕಟ್ಟದವರನ್ನು, ಬಾಗಿಲು ದಬಾರನೆ ಹಾಕುವವರನ್ನು, ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳದವರನ್ನು ಬೈದರೆ ಅದರಲ್ಲಿ ತಪ್ಪೇನಿದೆ?

ಕೊನೆಯ ಅಧ್ಯಾಯಕ್ಕೆ ಬಂದಾಗ ಎಲ್ಲ ಕೆಟ್ಟಿತು. ಗಾಳಿಗೆ ಅವನ ಮನೆಯ ಛಾವಣಿ ಹಾರಿಹೋಗುತ್ತದೆ. ದಿನಾ ಅವನಿಂದ ಬೈಸಿಕೊಂಡ ಬೀದಿಯ ಜನವೆಲ್ಲ ಏಣಿ ಹೊತ್ತುಕೊಂಡು ಬರುತ್ತಾರೆ. ಮುನಿಸಿಕೊಂಡು ಹೋಗಿದ್ದ ಮಗ ಸುತ್ತಿಗೆ ಹಿಡಿದು ಎಲ್ಲರಿಗಿಂತ ಮೊದಲು ಮೇಲೆ ಹತ್ತುತ್ತಾನೆ. ಮುದುಕ ಅಳುತ್ತಾನೆ, ಆಮೇಲೆ ನಗುತ್ತಾನೆ. ನನ್ನ ಪ್ರಶ್ನೆ ಇಷ್ಟೇ. ಇದು ಮೂಲದಲ್ಲೂ ಹೀಗೇ ಇದೆಯೋ, ಅಥವಾ ಓದುವವರು ಕಣ್ಣೊರೆಸಿಕೊಳ್ಳಲಿ ಎಂದು ನೀವೇ ಸಕ್ಕರೆ ಸುರಿದಿರೋ?

ಕೇಳಲು ಕಾರಣವಿದೆ. ಈ ಪುಸ್ತಕ ನನಗೆ ಅಂಗಡಿಯಿಂದ ಅಂಚೆಯಲ್ಲಿ ಬಂತು. ಒಳಗೆ ಚೀಟಿ ಇಲ್ಲ, ಕಳಿಸಿದವರ ಹೆಸರಿಲ್ಲ. ನನಗೆ ಪುಸ್ತಕ ಕಳಿಸುವಂಥವರು ಈ ಭೂಮಿಯ ಮೇಲೆ ಒಬ್ಬಳೇ, ನನ್ನ ಮಗಳು. ಅವಳು ನನ್ನೊಡನೆ ಮಾತು ಬಿಟ್ಟು ಆರು ವರ್ಷವಾಯಿತು. ಆ ಕೊನೆ ನಿಜವಾದರೆ ಅವಳು ಕಳಿಸಿದ್ದಕ್ಕೆ ಒಂದು ಅರ್ಥ. ನಿಮ್ಮ ಕೈಚಳಕವಾದರೆ ಇನ್ನೊಂದು ಅರ್ಥ.

ಮತ್ತೊಂದು ಮಾತು. ಏಳನೇ ಅಧ್ಯಾಯದಲ್ಲಿ ಬಸ್ಸಿನ ಚಾಲಕ ತಿರುವಿನಲ್ಲಿ ಮುದುಕನಿಗೆ ಕೈ ಬೀಸುತ್ತಾನೆ. ಮೂವತ್ತು ವರ್ಷ ಬಸ್ಸು ಓಡಿಸಿದವನು ಹೇಳುತ್ತಿದ್ದೇನೆ, ತಿರುವಿನಲ್ಲಿ ಕೈ ಬೀಸುವವನಿಗೆ ಸ್ಟೀರಿಂಗ್ ಕೊಡಬಾರದು.

ಇತಿ,
ನಿವೃತ್ತ ಬಸ್ ಚಾಲಕ
(ಮೂರನೇ ಮಹಡಿ, ಎಡಗಡೆಯ ಬಾಗಿಲು)


ಫೆಬ್ರವರಿ ೩

ಚಾಲಕರಿಗೆ ನಮಸ್ಕಾರ,

ಪ್ರಕಾಶಕರು ಪಾಪ ಕಟ್ಟಿಕೊಳ್ಳಲಿಲ್ಲ, ನಿಮ್ಮ ಪತ್ರ ತಲುಪಿತು. ನನ್ನ ಅನುವಾದಕ್ಕೆ ಹೊಗಳಿಕೆಯ ನಾಲ್ಕು ಕಾರ್ಡು ಬಂದಿವೆ. ಇಷ್ಟು ಗಮನವಿಟ್ಟು ಓದಿ ಬೈದ ಪತ್ರ ಇದೊಂದೇ. ಇದನ್ನೇ ಎತ್ತಿಟ್ಟುಕೊಳ್ಳುತ್ತೇನೆ.

ಮೂಲದಲ್ಲೂ ಹೀಗೇ ಇದೆ. ಛಾವಣಿ ಹಾರುವುದು, ಏಣಿ ಬರುವುದು, ಮಗ ಹತ್ತುವುದು, ಎಲ್ಲವೂ. ಅನುವಾದಕಿ ಹೊರುವವಳು, ಹೇರುವವಳಲ್ಲ. ಆ ಅಧ್ಯಾಯವನ್ನು ಕನ್ನಡಕ್ಕೆ ತರುವಾಗ ನನಗೂ ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾಗಿತ್ತು. ಆದರೂ ನುಂಗಿದೆ. ನಾನು ಸ್ವತಂತ್ರವಾಗಿ ಮಾಡಿದ್ದು ಒಂದೇ ಕೆಲಸ. ಆ ಮುದುಕನ ಸ್ವೀಡಿಷ್ ಬೈಗುಳ ಕನ್ನಡದಲ್ಲಿ ಸಪ್ಪೆಯಾಗುತ್ತಿತ್ತು, ಅದಕ್ಕೆ ನಮ್ಮ ಸೋದರಮಾವನ ಬಾಯಿಯನ್ನು ಎರವಲು ತಂದೆ. ಮಾವ ಬದುಕಿದ್ದರೆ ನಿಮ್ಮ ಹಾಗೇ ದೂರು ಬರೆಯುತ್ತಿದ್ದರು.

ಒಂದು ಮಾತು ಹೇಳಲೇ? ನಿಮ್ಮ ಮಗಳು ಕಳಿಸಿದ್ದು ಕನ್ನಡ ಪುಸ್ತಕವನ್ನು. ಮೂಲದಲ್ಲಿ ಏನಿದ್ದರೆ ಅವಳಿಗೇನು? ಅವಳ ಮನಸ್ಸಿನಲ್ಲಿ ಏನಿತ್ತೆಂದು ಸ್ವೀಡನ್ನಿನ ಲೇಖಕನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನೀವು ಪತ್ರ ಬರೆಯಬೇಕಾದ ವಿಳಾಸ ನನ್ನದಲ್ಲ.

ಬಸ್ ಚಾಲಕ ಕೈ ಬೀಸಿದ್ದೂ ಮೂಲದಲ್ಲೇ ಇದೆ. ಲೇಖಕನ ಪರವಾಗಿ ಕ್ಷಮೆ ಕೇಳುತ್ತೇನೆ.

ಇತಿ,
ಅನುವಾದಕಿ


ಫೆಬ್ರವರಿ ೧೪

ಅನುವಾದಕಿಯವರಿಗೆ,

ನಾನು ಕೇಳಿದ್ದು ಪ್ರಶ್ನೆ, ನೀವು ಕೊಟ್ಟಿದ್ದು ಬುದ್ಧಿವಾದ. ಇರಲಿ. ಹೆಂಗಸರ ಅಭ್ಯಾಸ. ನನ್ನ ಹೆಂಡತಿಯೂ ಹೀಗೇ, ಹೊತ್ತೆಷ್ಟಾಯಿತು ಎಂದು ಕೇಳಿದರೆ "ಹೊರಡಿ, ಆಗ್ಲೇ ತಡ ಆಯ್ತು" ಅನ್ನುತ್ತಿದ್ದಳು.

ನಿಮ್ಮ ಮಾತು ಕೇಳಿ ಅಲ್ಲ, ನನಗೇ ತೋಚಿ ಮಗಳಿಗೆ ಬರೆದೆ. ಎರಡು ಹಾಳೆ ತುಂಬ ಬರೆದು ಹರಿದೆ. ಅರ್ಧ ಹಾಳೆ ಬರೆದು ಅದನ್ನೂ ಹರಿದೆ. ಕೊನೆಗೆ ಒಂದು ಕಾರ್ಡಿನಲ್ಲಿ "ಸ್ವೀಡಿಷ್ ಮುದುಕನ ಪುಸ್ತಕ ಬಂತು. ಓದಿದೆ. ಅಪ್ಪ" ಎಂದಷ್ಟೇ ಬರೆದು, ಮನಸ್ಸು ಬದಲಾಗುವ ಮೊದಲೇ ಕೆಳಗಿಳಿದು ಡಬ್ಬಿಗೆ ಹಾಕಿದೆ. ಹಾಕಿದ ಮೇಲೆ ಡಬ್ಬಿಯ ಬಾಯೊಳಗೆ ಬೆರಳು ಹೋಗುತ್ತದೆಯೇ ನೋಡಿದೆ. ಹೋಗುವುದಿಲ್ಲ.

ಎದುರು ಬಾಗಿಲಿನಲ್ಲಿ ಒಬ್ಬ ಹೊಲಿಗೆಯಾಕೆ ಇದ್ದಾಳೆ. ಗಂಡ ಬಿಟ್ಟವಳೋ, ಗಂಡನನ್ನು ಬಿಟ್ಟವಳೋ ನಾನು ವಿಚಾರಿಸಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅವಳ ಯಂತ್ರ ಕಟಕಟ ಅನ್ನುತ್ತದೆ, ಅದರ ನಡುಕ ನನ್ನ ಲೋಟದ ನೀರಿನಲ್ಲಿ ಕಾಣುತ್ತದೆ. ಯಂತ್ರದ ಕೆಳಗೆ ರಬ್ಬರು ಹಾಕು ಎಂದು ಹೇಳಿ ಹೇಳಿ ಸಾಕಾಗಿದೆ. ಮೆಟ್ಟಿಲಲ್ಲಿ ಓಡುವ ಮಕ್ಕಳನ್ನು "ನಿಧಾನ!" ಎಂದು ಗದರಿಸುತ್ತೇನೆ. ಅದಕ್ಕೆ ಈ ಕಟ್ಟಡದವರು ನನಗೆ 'ಬ್ರೇಕ್ ತಾತ' ಎಂದು ಹೆಸರಿಟ್ಟಿದ್ದಾರೆ. ಎದುರಿಗೆ ಯಾರೂ ಹೇಳುವುದಿಲ್ಲ. ಆದರೆ ಬಸ್ಸು ಓಡಿಸಿದವನಿಗೆ ಬೆನ್ನ ಹಿಂದೆ ನಡೆಯುವುದೆಲ್ಲ ಗೊತ್ತಾಗುತ್ತದೆ.

ಇವತ್ತು ಅಂಚೆಯವನು ಬಂದು ಹೋದ. ನನಗೇನೂ ಇರಲಿಲ್ಲ. ನಾನೇನೂ ಕಾಯುತ್ತಿರಲಿಲ್ಲ.

ಇತಿ,
ಚಾಲಕ


ಮಾರ್ಚ್ ೧೧

ಅನುವಾದಕಿಯವರಿಗೆ,

ಮಗಳಿಂದ ಉತ್ತರ ಬಂತು. ಪೂರ್ತಿ ಬರೆಯುತ್ತೇನೆ, ಹೆಚ್ಚು ಹೊತ್ತು ಹಿಡಿಯುವುದಿಲ್ಲ.

"ನಾನು ಯಾವ ಪುಸ್ತಕವನ್ನೂ ಕಳಿಸಿಲ್ಲ. ಬೇರೆ ಯಾರೋ ಇರಬೇಕು. ಆರೋಗ್ಯ ನೋಡಿಕೋ."

ಅಷ್ಟೇ. ಹೆಸರು ಕೂಡ ಹಾಕಿಲ್ಲ. ಅಕ್ಷರ ಮಾತ್ರ ಅವಳದೇ, ಶಾಲೆಯಲ್ಲಿ ಮೇಷ್ಟ್ರು ಎಷ್ಟು ಹೊಡೆದರೂ ಬಲಕ್ಕೆ ವಾಲುತ್ತಿದ್ದ ಅಕ್ಷರ.

ಯಾರು ಕಳಿಸಿದ್ದೆಂದು ಮಾರನೆಯ ದಿನವೇ ತಿಳಿಯಿತು. ಮೆಟ್ಟಿಲು ಇಳಿಯುತ್ತಿದ್ದೆ. ಹೊಲಿಗೆಯಾಕೆ ಬಟ್ಟೆಗಂಟು ಹೊತ್ತುಕೊಂಡು ಹತ್ತುತ್ತಿದ್ದಳು, ಹಿಂದೆ ಮೇಲಿನ ಮನೆಯ ಗಂಡ ಹೆಂಡತಿ. ಅವಳೇ ಕೇಳಿದಳು.

"ಪುಸ್ತಕ ಬಂತಾ ಅಜ್ಜ? ಓದಿದ್ರಾ?"

"ಯಾವ ಪುಸ್ತಕ?"

"ಅದೇ, ಜಗಳಗಂಟ ಮುದುಕಂದು. ನಾವೆಲ್ಲ ಸೇರಿ ಕಳ್ಸಿದ್ದು. ಥೇಟ್ ನಿಮ್ ಹಾಗೇ ಇದ್ದಾನೆ ಅಂತ ನಕ್ಕೂ ನಕ್ಕೂ ಸಾಕಾಯ್ತು. ಬೇಜಾರ್ ಮಾಡ್ಕೋಬೇಡಿ, ತಮಾಷೆಗೆ."

ಮೇಲಿನ ಮನೆಯವರು ಗೋಡೆ ನೋಡಿದರು. ನಾನು ಕೊಳ್ಳಬೇಕಾಗಿದ್ದ ಬ್ರೆಡ್ಡನ್ನೂ ಕೊಳ್ಳದೆ ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಮೆಲ್ಲಗೆ ಹಾಕಿದೆ. ದಬಾರನೆ ಹಾಕುವವರನ್ನು ಕಂಡರೆ ನನಗಾಗುವುದಿಲ್ಲ.

ಅವರು ನಕ್ಕಿದ್ದಕ್ಕೆ ನನಗೆ ಬೇಸರವಿಲ್ಲ. ನಗುವ ಜನ ನಗುತ್ತಾರೆ. ಆದರೆ ಆ ನಗೆಯನ್ನು ನಾನು ಮಗಳ ಕರೆ ಎಂದುಕೊಂಡೆನಲ್ಲ. ಎರಡು ತಿಂಗಳು ಆ ಪುಸ್ತಕವನ್ನು ದಿಂಬಿನ ಪಕ್ಕ ಇಟ್ಟುಕೊಂಡಿದ್ದೆ. ನಿಮಗೆ ಬರೆದದ್ದೂ ತಪ್ಪಾಯಿತು, ಅವಳಿಗೆ ಬರೆದದ್ದೂ ತಪ್ಪಾಯಿತು. ಇನ್ನು ನೀವು ಉತ್ತರಿಸುವ ಅಗತ್ಯವಿಲ್ಲ.

ಇತಿ,
ಚಾಲಕ


ಮಾರ್ಚ್ ೧೯

ಚಾಲಕರಿಗೆ,

ಅಗತ್ಯವಿಲ್ಲ ಎಂದಿರಿ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಮಗಳು ಪುಸ್ತಕ ಕಳಿಸಲಿಲ್ಲ, ನಿಜ. ಆದರೆ ಆರು ವರ್ಷದಿಂದ ಬಾಯಿ ಬಿಡದವಳು ಮೂರು ವಾಕ್ಯ ಬರೆದಳು. ಬರೆಯದೆ ಸುಮ್ಮನಿರಬಹುದಿತ್ತು. ಅನುವಾದಕಿಯ ಕಣ್ಣಿನಿಂದ ನೋಡಿದೆ. ಮೊದಲನೆಯ ವಾಕ್ಯದಲ್ಲಿ ಸಿಟ್ಟಿದೆ, ಎರಡನೆಯದರಲ್ಲಿ ಏನೂ ಇಲ್ಲ. ಮೂರನೆಯದು ಬರೆಯಲೇಬೇಕೆಂದು ಇರಲಿಲ್ಲ.

ಏನಾಗಿತ್ತು ನಿಮ್ಮಿಬ್ಬರ ನಡುವೆ? ಹೇಳಬೇಕೆನಿಸದಿದ್ದರೆ ಬಿಡಿ. ನಾನು ದೂರದವಳು, ನಿಮ್ಮ ಮೆಟ್ಟಿಲಲ್ಲಿ ಎಂದೂ ಎದುರಾಗುವುದಿಲ್ಲ.

ಇತಿ,
ಅನುವಾದಕಿ


ಏಪ್ರಿಲ್ ೨

ಅನುವಾದಕಿಯವರಿಗೆ,

ದೂರದವರು ಎಂದೇ ಹೇಳುತ್ತಿದ್ದೇನೆ. ಓದಿ ಹರಿದು ಹಾಕಿ.

ಆರು ವರ್ಷದ ಹಿಂದೆ ನನ್ನ ಹೆಂಡತಿ ಕಾಯಿಲೆ ಬಿದ್ದಳು. ಹೊಟ್ಟೆನೋವು ಎಂದು ಹೋದವಳನ್ನು ಆಸ್ಪತ್ರೆಯವರು ಇರಿಸಿಕೊಂಡರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಹೆಚ್ಚು ದಿನ ಇಲ್ಲ ಅಂದರು. ಆಗ ಮಗಳು ಬಸುರಿ, ಏಳನೇ ತಿಂಗಳು. ಅದಕ್ಕೆ ಮೊದಲು ಎರಡು ಸಲ ಕಳೆದುಕೊಂಡಿದ್ದಳು. ಹಾಸಿಗೆ ಬಿಟ್ಟು ಏಳಬಾರದು ಎಂದು ಅವಳ ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಅವಳ ಊರಿನಿಂದ ಇಲ್ಲಿಗೆ ಇಡೀ ದಿನದ ರೈಲು ಪ್ರಯಾಣ.

ನಾನು ಮಗಳಿಗೆ ಹೇಳುತ್ತೇನೆ ಎಂದೆ. ಹೆಂಡತಿ ನನ್ನ ಕೈ ಹಿಡಿದುಕೊಂಡಳು.

"ಹೇಳ್ಬೇಡಿ. ಹೇಳಿದ್ರೆ ಎದ್ದು ಓಡಿ ಬರ್ತಾಳೆ. ಈ ಮಗೂನೂ ಹೋದ್ರೆ ಅವ್ಳು ಬದುಕಲ್ಲ. ನಾನು ಬೇಡ ಅಂದೆ ಅಂತಾನೂ ಹೇಳ್ಬೇಡಿ, ನನ್ ಮೇಲೆ ಕೋಪ ಮಾಡ್ಕೋತಾಳೆ. ನಿಮ್ ಮೇಲೆ ಹೇಗಿದ್ರೂ ಎಲ್ರಿಗೂ ಕೋಪ ಇದ್ದೇ ಇದೆ. ಇನ್ನೊಬ್ಬಳದ್ದು ಸೇರಿದ್ರೆ ಭಾರ ಆಗಲ್ಲ."

ಅದನ್ನು ಹೇಳಿ ನಕ್ಕಳು. ನಕ್ಕರೆ ನೋವಾಗುತ್ತಿತ್ತು, ಆದರೂ ನಕ್ಕಳು.

ಮಗಳು ದಿನಾ ಸಂಜೆ ಫೋನ್ ಮಾಡುತ್ತಿದ್ದಳು. "ಅಮ್ಮ ಮಲಗಿದ್ದಾಳೆ" ಎನ್ನುತ್ತಿದ್ದೆ. ಒಂದು ಸಂಜೆ ಅದು ಬೇರೆಯೇ ಅರ್ಥದಲ್ಲಿ ನಿಜವಾಯಿತು. ಎಲ್ಲ ಮುಗಿದ ಮೇಲೆ ಅಳಿಯನಿಗೆ ತಿಳಿಸಿದೆ. ಅವನು ಹೊತ್ತು ನೋಡಿ ಅವಳಿಗೆ ಹೇಳಿದ. ಹೆಣ್ಣು ಮಗು ಹುಟ್ಟಿತು, ಚೆನ್ನಾಗಿದೆ ಎಂದು ಕೇಳಿದ್ದೇನೆ. ಮಗುವಿಗೆ ಮೂರು ತಿಂಗಳಾದಾಗ ಮಗಳು ಒಬ್ಬಳೇ ಬಂದು ಬಾಗಿಲಲ್ಲಿ ನಿಂತಳು. ಒಳಗೆ ಬರಲಿಲ್ಲ.

"ಯಾಕೆ ಹೇಳ್ಲಿಲ್ಲ? ಅಮ್ಮನ್ ಮುಖ ನೋಡೋಕೂ ಬಿಡ್ಲಿಲ್ವಲ್ಲ. ಯಾರನ್ನ ಕೇಳಿ ಹಾಗ್ಮಾಡ್ದೆ?"

"ಯಾರನ್ನೂ ಕೇಳ್ಲಿಲ್ಲ. ಹೇಳ್ಬೇಕು ಅನ್ನಿಸ್ಲಿಲ್ಲ, ಹೇಳ್ಲಿಲ್ಲ" ಎಂದೆ.

ಅವಳು ತಿರುಗಿ ಇಳಿದು ಹೋದಳು. ಅಂದಿಗೆ ಮುಗಿಯಿತು.

ಇತಿ,
ಚಾಲಕ


ಏಪ್ರಿಲ್ ೧೩

ಚಾಲಕರೇ,

ನಿಮ್ಮ ಪತ್ರವನ್ನು ಹರಿಯಲು ಕೈ ಬರಲಿಲ್ಲ. ಮನ್ನಿಸಿ.

ಅವಳಿಗೆ ಹೇಳಿಬಿಡಿ. ಬುದ್ಧಿವಾದ ಎಂದು ಬೈಯಿರಿ, ಆದರೂ ಹೇಳಿಬಿಡಿ. ಏಕೆ ಇಷ್ಟು ಒತ್ತಾಯ ಮಾಡುತ್ತೇನೆಂದು ತಿಳಿಸುತ್ತೇನೆ. ನಮ್ಮವರು ಹಡಗಿನ ಎಂಜಿನಿಯರು. ಸ್ವೀಡನ್ನಿನ ಕಂಪನಿಯ ಹಡಗುಗಳಲ್ಲಿ ಬಹಳ ವರ್ಷ ಇದ್ದರು. ನನಗೆ ಆ ಭಾಷೆ ಕಲಿಸಿದವರು ಅವರೇ, ಅಡುಗೆಮನೆಯಲ್ಲಿ, ಒಂದೊಂದು ಪಾತ್ರೆ ಎತ್ತಿ ತೋರಿಸಿ. ಚಮಚಕ್ಕೆ ಮೂರು ಭಾಷೆಯಲ್ಲಿ ಹೆಸರು ಹೇಳುತ್ತಿದ್ದವರು ಈಗ ಚಮಚವನ್ನು ತಿರುಗಿಸಿ ತಿರುಗಿಸಿ ನೋಡುತ್ತ ಕೂರುತ್ತಾರೆ. ಎರಡು ವರ್ಷದಿಂದ ಮಾತುಗಳು ಒಂದೊಂದಾಗಿ ಜಾರಿಹೋಗುತ್ತಿವೆ.

ಮದುವೆಯಾದ ಮೊದಲ ವರ್ಷ ಅವರು ರಜೆಯಿದ್ದರೂ ಒಂದು ಚಳಿಗಾಲ ಮನೆಗೆ ಬರಲಿಲ್ಲ. ಏಕೆಂದು ನಾನು ಕೇಳಲಿಲ್ಲ. ಕೇಳದಿರುವುದೇ ದೊಡ್ಡತನ ಎಂದುಕೊಂಡೆ. ಅವರು ಎಂದಾದರೂ ತಾವಾಗಿಯೇ ಹೇಳುತ್ತಾರೆ ಎಂದುಕೊಂಡೆ. ಈಗ ಕೇಳುತ್ತೇನೆ, ಅವರು ನನ್ನ ಮುಖ ನೋಡಿ ಮುಗುಳ್ನಗುತ್ತಾರೆ. ಒಳ್ಳೆಯ ನಗೆಯೇ. ಆದರೆ ಅದು ಉತ್ತರವಲ್ಲ.

ಉತ್ತರ ಇದ್ದವರು ಅದನ್ನು ಹಿಡಿದಿಟ್ಟುಕೊಂಡು ಹೋಗಬಾರದು. ಇಷ್ಟೇ ನಾನು ಹೇಳುವುದು.

ಇತಿ,
ಅನುವಾದಕಿ


ಏಪ್ರಿಲ್ ೨೨

ಅಮ್ಮಾ,

ನಿಮ್ಮ ಯಜಮಾನರ ವಿಷಯವನ್ನು ಎರಡು ಸಲ ಓದಿದೆ.

ಆದರೆ ನೀವು ಹೇಳಿದ್ದನ್ನು ನಾನು ಮಾಡುವುದಿಲ್ಲ. ಸತ್ತವರ ಮೇಲೆ ಕೋಪ ಬಂದರೆ ಅದನ್ನು ತೀರಿಸಿಕೊಳ್ಳಲು ಜಾಗವಿಲ್ಲ. ಯಾರ ಮುಂದೆ ಹೋಗಿ ಕೂಗುತ್ತಾಳೆ? ನನ್ನ ಮೇಲಾದರೆ ಬಂದು ಬಾಗಿಲು ಒದೆಯಬಹುದು. ನಾನು ಇನ್ನೂ ಇದ್ದೇನೆ, ಬಾಗಿಲೂ ಗಟ್ಟಿಯಿದೆ. ಅವಳ ಪಾಲಿಗೆ ಅಮ್ಮ ಅಮ್ಮನಾಗಿಯೇ ಇರಲಿ. ಕೊಟ್ಟ ಮಾತಿಗೆ ತಪ್ಪಿ ನಾನು ಒಳ್ಳೆಯವನಾಗಬೇಕೇ?

ಆ ಪುಸ್ತಕದ ಮೇಲೆ ನನ್ನ ಸಿಟ್ಟೂ ಇದೇ. ಕೊನೆಗೆ ಮುದುಕ ಒಳ್ಳೆಯವನೆಂದು ಬೀದಿಗೆಲ್ಲ ಗೊತ್ತಾಗಿಬಿಡುತ್ತದೆ. ಗೊತ್ತಾಗದಿದ್ದರೆ ಅವನು ಕೆಟ್ಟವನೇ? ಏಣಿ ಬರದಿದ್ದರೆ ಅವನು ಅಲ್ಲಿಯವರೆಗೆ ಬದುಕಿದ್ದು ಸುಳ್ಳೇ?

ಈ ವಿಷಯ ಮತ್ತೆ ಎತ್ತಬೇಡಿ. ಎತ್ತಿದರೆ ಬರೆಯುವುದಿಲ್ಲ.

ಇತಿ,
ಚಾಲಕ


ಜುಲೈ ೨೦

ಅಮ್ಮಾ,

ನೀವು ಆ ವಿಷಯ ಎತ್ತಲಿಲ್ಲ. ಬೇರೆ ಯಾವ ವಿಷಯವನ್ನೂ ಎತ್ತಲಿಲ್ಲ, ಪತ್ರವೇ ಇಲ್ಲ. ನಿಮ್ಮ ಮೌನಕ್ಕೆ ನನ್ನ ಒರಟುತನ ಕಾರಣವೋ, ಮನೆಯ ತಾಪತ್ರಯ ಕಾರಣವೋ ಗೊತ್ತಿಲ್ಲ. ಈ ಪತ್ರವನ್ನು ಮಾತ್ರ ಬರೆಯಲೇಬೇಕಾಯಿತು. ಮಗಳು ಬಂದಿದ್ದಳು.

ಹೋದ ಶನಿವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದು ಮೆಟ್ಟಿಲು ಹತ್ತಿದರೆ, ನನ್ನ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಒಬ್ಬಳು ಕೂತಿದ್ದಾಳೆ. ಕುರ್ಚಿ ಹೊಲಿಗೆಯಾಕೆಯದು. ಕಣ್ಣಿಗೆ ಹಾಕಿದ್ದ ಔಷಧಿಯಿಂದ ಎಲ್ಲ ಮಬ್ಬು. ಯಾರು ಎಂದೆ.

"ನಾನೇ. ಆ ಪುಸ್ತಕದಲ್ಲಿರೋ ಹಾಗೆ ಸುತ್ತಿಗೆ ಹಿಡ್ಕೊಂಡು ಬಂದಿಲ್ಲ, ಹೆದರ್ಬೇಡ" ಅಂದಳು.

ನನ್ನ ಕಾರ್ಡು ನೋಡಿ, ಯಾವ ಪುಸ್ತಕ ಅದು ಎಂದು ಅಂಗಡಿ ಅಂಗಡಿ ವಿಚಾರಿಸಿ, ಅಜ್ಜನೊಬ್ಬನ ಕಥೆ ಎಂದು ಯಾರೋ ಕೊಟ್ಟದ್ದನ್ನು ಓದಿದಳಂತೆ. "ಕೊನೆ ಅಧ್ಯಾಯ ಓದಿ ಮೈಯೆಲ್ಲ ಉರೀತು. ಆ ಮಗ ಅಷ್ಟು ಸುಲಭಕ್ಕೆ ಹತ್ತಿಬಿಡ್ತಾನಲ್ಲ! ಅವ್ನಿಗೆ ಕೇಳೋದು ಏನೂ ಇರ್ಲಿಲ್ವಾ?" ಅಂದಳು. ನನಗೂ ಹಾಗೇ ಅನ್ನಿಸಿತು ಎಂದೆ. ಒಂದು ಗಳಿಗೆ ಇಬ್ಬರಿಗೂ ನಗು ಬರುವ ಹಾಗಾಯಿತು. ಬರಲಿಲ್ಲ.

ಒಳಗೆ ಬಂದಳು. ಚಹಾ ಮಾಡಿದೆ. ಅಮ್ಮ ಕೂರುತ್ತಿದ್ದ ಕಿಟಕಿಯ ಬಳಿ ಕೂತಳು. ಮಗು ಹೇಗಿದೆ ಎಂದೆ. ಚೆನ್ನಾಗಿದ್ದಾಳೆ ಎಂದಳು. ಅವಳು ಚಹಾ ಕುಡಿಯಲಿಲ್ಲ. ಲೋಟ ತಿರುಗಿಸುತ್ತ ಕೂತಿದ್ದವಳು ತಲೆಯೆತ್ತದೆ ಕೇಳಿದಳು.

"ದಿನಾ ಫೋನ್ ಮಾಡ್ದಾಗ್ಲೂ ಅಮ್ಮ ಮಲಗಿದ್ದಾಳೆ ಅಂದೆ. ಅಷ್ಟು ದಿನ ಆಸ್ಪತ್ರೆಲಿ ಇದ್ಲು. ಒಂದ್ಸಲನಾದ್ರೂ ನನ್ನ ಕೇಳ್ಲಿಲ್ವಾ ಅವ್ಳು? ಕೇಳಿದ್ರೂ ನೀನು ಕರೀಲಿಲ್ವಾ, ಇಲ್ಲಾ ಅವ್ಳು ಕೇಳ್ಲೇ ಇಲ್ವಾ? ಅದೊಂದು ಹೇಳು ಸಾಕು. ನನ್ ಮಗಳು ಪ್ರತಿ ಸಲ ಅಮ್ಮಾ ಅಂದಾಗ್ಲೂ ನಂಗೆ ಅದೇ ಪ್ರಶ್ನೆ."

ಅಮ್ಮಾ, ನಾನು ಅವಳಿಗೆ ಸಿಟ್ಟನ್ನು ಮಾತ್ರ ಕೊಟ್ಟಿದ್ದೇನೆ ಎಂದುಕೊಂಡಿದ್ದೆ. ಅದರ ಜೊತೆ ಈ ಪ್ರಶ್ನೆಯೂ ಹೋಗಿ ಅವಳ ಎದೆಯಲ್ಲಿ ಕೂತಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ತಾಯಿಗೆ ನಾನು ಬೇಡವಾಗಿದ್ದೆನೇನೋ ಎಂದುಕೊಂಡು ಆರು ವರ್ಷ ತಾನೂ ಒಬ್ಬಳಿಗೆ ತಾಯಿಯಾಗಿದ್ದಾಳೆ.

ಹೇಳಿಬಿಟ್ಟೆ. ಕೊಟ್ಟ ಮಾತು ಮುರಿದೆ. ಅವಳ ತಾಯಿ ಕೈ ಹಿಡಿದುಕೊಂಡದ್ದು, ಬೇಡ ಎಂದದ್ದು, ಹೊಟ್ಟೆಯ ಮಗುವಿನ ಮಾತು, ನಕ್ಕದ್ದು, ಎಲ್ಲ.

ನಿಮ್ಮ ಪುಸ್ತಕದಲ್ಲಾಗಿದ್ದರೆ ಈಗ ಅವಳು ಅಪ್ಪಾ ಎಂದು ಅಳಬೇಕಿತ್ತು. ಅವಳು ಎದ್ದು ನಿಂತಳು.

"ಅಂದ್ರೆ ಅಮ್ಮನೇ ನನ್ನ ಬೇಡ ಅಂದ್ಲು."

"ಬೇಡ ಅನ್ಲಿಲ್ಲ ಕಣೇ. ಬರೋದು ಬೇಡ ಅಂದ್ಲು."

"ಎರಡೂ ಒಂದೇ. ನಂಗೆ ಯಾವ್ದು ಮುಖ್ಯ ಅಂತ ನೀವಿಬ್ರೇ ಕೂತು ತೀರ್ಮಾನ ಮಾಡಿದ್ರಿ. ಅವ್ಳು ಹೋದ್ಲು. ನೀನು ಆರು ವರ್ಷ ದೊಡ್ಡ ಮನುಷ್ಯನ ಹಾಗೆ ಬಾಯ್ಮುಚ್ಕೊಂಡು ಕೂತೆ. ನಾನು ಅಮ್ಮನ ಮೇಲೆ ಸಿಟ್ಟು ಮಾಡ್ಕೊಂಡು, ಅತ್ತು, ಸಮಾಧಾನ ಮಾಡ್ಕೊಳ್ಳೋ ವರ್ಷ ಅಷ್ಟೂ ನಿನ್ ಮೇಲೆ ಖರ್ಚಾಯ್ತು. ಅದನ್ನ ಯಾರು ವಾಪಸ್ ಕೊಡ್ತಾರೆ?"

ಲೋಟ ತೊಳೆದು ಬೋರಲು ಹಾಕಿ ಹೊರಟಳು. ನಾನು ಬಾಗಿಲವರೆಗೆ ಹೋದೆ. ಮೆಟ್ಟಿಲು ಇಳಿಯುವ ಸದ್ದು ಕೇಳುತ್ತಿತ್ತು, ಮೊದಲು ನಿಧಾನ, ಆಮೇಲೆ ಓಟ. ಹೊಲಿಗೆಯಾಕೆ ಬಾಗಿಲು ತೆರೆದು ನನ್ನನ್ನು ನೋಡಿ, ಕುರ್ಚಿ ಒಳಗೆ ಎಳೆದುಕೊಂಡಳು.

ನಾನು ಸರಿ ಮಾಡಿದೆನೋ ತಪ್ಪು ಮಾಡಿದೆನೋ ಹೇಳಬೇಡಿ. ಕೇಳುತ್ತಿಲ್ಲ. ಯಾರಿಗಾದರೂ ಹೇಳಬೇಕಿತ್ತು, ಹೇಳಿದೆ.

ಇತಿ,
ಚಾಲಕ


ಆಗಸ್ಟ್ ೧೦

ಚಾಲಕರೇ,

ನಿಮ್ಮ ಒರಟುತನಕ್ಕೆ ಹೆದರಿ ಸುಮ್ಮನಾದೆ ಎಂದುಕೊಂಡಿರಾ? ಸೋದರಮಾವನ ಮನೆಯಲ್ಲಿ ಬೆಳೆದವಳು ನಾನು. ನಮ್ಮವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ಈಗ ಮನೆಗೆ ಕರೆತಂದಿದ್ದೇನೆ, ಹಾಸಿಗೆಯಲ್ಲಿದ್ದಾರೆ. ಕೆಲವು ದಿನ ನಾನು ಯಾರೆಂದು ಗೊತ್ತಾಗುವುದಿಲ್ಲ. ಆದರೆ ಬಹಳ ಮರ್ಯಾದೆಯಿಂದ ಮಾತಾಡಿಸುತ್ತಾರೆ, "ತೊಂದ್ರೆ ತಗೋಬೇಡಿ" ಎನ್ನುತ್ತಾರೆ. ನಲವತ್ತು ವರ್ಷ ಸಂಸಾರ ಮಾಡಿದವಳಿಗೆ ಆ 'ಬೇಡಿ' ಎಷ್ಟು ಚುಚ್ಚುತ್ತದೆ ಎಂದು ಯಾವ ಭಾಷೆಗೆ ಅನುವಾದ ಮಾಡಲಿ?

ಅದೇ ಲೇಖಕನ ಇನ್ನೊಂದು ಪುಸ್ತಕಕ್ಕೆ ಒಪ್ಪಿಕೊಂಡಿದ್ದೆ. ಆಗುವುದಿಲ್ಲ ಎಂದು ಬರೆದುಬಿಟ್ಟೆ. ಸಂಜೆ ಅವರ ಪಕ್ಕ ಕೂತು ನಿಮ್ಮ ಪತ್ರಗಳನ್ನು ಓದುತ್ತೇನೆ. ಗುಟ್ಟಿನ ಭಾಗ ಬಿಡುತ್ತೇನೆ, ಚಿಂತಿಸಬೇಡಿ. 'ಬ್ರೇಕ್ ತಾತ' ಬಂದಾಗ ನಗುತ್ತಾರೆ.

ನೀವು ಸರಿಯೋ ತಪ್ಪೋ ನಾನು ಹೇಳುವುದಿಲ್ಲ. ಹೇಳಿಬಿಡಿ ಎಂದು ಒತ್ತಾಯ ಮಾಡಿದಾಗ ನನ್ನ ನೋವು ಮಾತಾಡುತ್ತಿತ್ತು, ನಿಮ್ಮ ಮಗಳ ನೋವು ನನಗೆ ಗೊತ್ತಿರಲಿಲ್ಲ. ಹೇಳಿದ ಕೂಡಲೇ ಹಗುರಾಗುತ್ತದೆ ಎಂದುಕೊಂಡಿದ್ದೆ. ಭಾರ ಇಳಿಯಲಿಲ್ಲ, ಹೆಗಲು ಬದಲಾಯಿತು ಅಷ್ಟೇ. ಆದರೂ ಅದು ಅವಳ ಭಾರವೇ ಅಲ್ಲವೇ?

ಇತಿ,
ಅನುವಾದಕಿ


ನವೆಂಬರ್ ೨೩

ಅಮ್ಮಾ,

ನಿಮ್ಮ ಯಜಮಾನರು ಹೇಗಿದ್ದಾರೆ? ಹಾಸಿಗೆ ಹಿಡಿದವರನ್ನು ದಿನಕ್ಕೆ ನಾಲ್ಕಾರು ಸಲ ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಒಬ್ಬರೇ ಎತ್ತಬೇಡಿ, ನಿಮ್ಮ ಸೊಂಟವೂ ಹೋಗುತ್ತದೆ. ಇದು ಬುದ್ಧಿವಾದ. ನೀವು ನನಗೆ ಕೊಟ್ಟಿದ್ದೀರಿ, ನಾನೂ ಕೊಡುತ್ತೇನೆ.

ಹೊಲಿಗೆಯಾಕೆಯ ಜೊತೆ ನಾನು ರಾಜಿಯಾಗಿಲ್ಲ. ಯಂತ್ರ ಈಗಲೂ ಕಟಕಟ ಅನ್ನುತ್ತಿದೆ. ನನ್ನ ಮನೆಗೆ ಯಾರೂ ಏಣಿ ತಂದಿಲ್ಲ.

ಮಗಳಿಂದ ಎರಡು ತಿಂಗಳು ಸುದ್ದಿಯಿರಲಿಲ್ಲ. ಹೋಯಿತು, ಇದ್ದ ಮೂರು ವಾಕ್ಯವೂ ಹೋಯಿತು ಎಂದುಕೊಂಡೆ. ಸೆಪ್ಟೆಂಬರ್ ಕೊನೆಯ ಭಾನುವಾರ ಬೆಳಗ್ಗೆ ಫೋನ್ ಬಂತು. ಹಲೋ ಇಲ್ಲ, ಹೇಗಿದ್ದೀಯ ಇಲ್ಲ. "ಅಮ್ಮ ಹೇಳಿದ್ದನ್ನ ಇನ್ನೊಂದ್ಸಲ ಹೇಳು. ಅವ್ಳ ಮಾತಲ್ಲೇ ಹೇಳು. ನೀನು ಸೇರಿಸ್ಬೇಡ" ಅಂದಳು. ಹೇಳಿದೆ. "ನನ್ ಮೇಲೆ ಕೋಪ ಮಾಡ್ಕೋತಾಳೆ" ಎನ್ನುವಲ್ಲಿಗೆ ಬಂದಾಗ ಫೋನ್ ಇಟ್ಟಳು.

ಮುಂದಿನ ಭಾನುವಾರ ಮತ್ತೆ. ಹಾಗೇ ಶುರು, ಅಲ್ಲೇ ನಿಲುಗಡೆ. ಅದರ ಮುಂದಿನ ವಾರವೂ. ನನಗೂ ಸುಲಭವಲ್ಲ ಅಮ್ಮಾ. ಪ್ರತಿ ವಾರ ಆ ಹಾಸಿಗೆಯ ಪಕ್ಕಕ್ಕೆ ಹೋಗಿ ನಿಲ್ಲಬೇಕು. ಶನಿವಾರದಿಂದಲೇ ಊಟ ಸೇರುವುದಿಲ್ಲ. ಆದರೂ ಭಾನುವಾರ ಫೋನಿನ ಪಕ್ಕ ಕೂತಿರುತ್ತೇನೆ. ಒಂದು ವಾರ ಅತ್ತಳು. ಒಂದು ವಾರ ಅಮ್ಮನನ್ನು ಬಾಯಿಗೆ ಬಂದ ಹಾಗೆ ಬೈದಳು, ನಾನು ಕೇಳಿದೆ. ಯಾರ ಮುಂದೆ ಹೋಗಿ ಕೂಗುತ್ತಾಳೆ ಎಂದು ನಿಮಗೆ ಬರೆದಿದ್ದೆನಲ್ಲ. ನನ್ನ ಮುಂದೆ ಕೂಗುತ್ತಾಳೆ. ನನಗೇ ಅದು ಹೊಳೆದಿರಲಿಲ್ಲ.

ಹಿಂದೆ ಮಗುವಿನ ಸದ್ದು ಕೇಳುತ್ತದೆ. ಪಾತ್ರೆ ಬೀಳಿಸುತ್ತದೆ, ಯಾರ್ ಫೋನು ಎಂದು ಕೇಳುತ್ತದೆ. "ಯಾರೂ ಇಲ್ಲ, ಆಟ ಆಡ್ಕೋ ಹೋಗು" ಅನ್ನುತ್ತಾಳೆ ಮಗಳು. ಪ್ರತಿ ವಾರ ಅದೇ ಉತ್ತರ.

ಇವತ್ತು ಭಾನುವಾರ. ಇವತ್ತು ಅವಳು ನನ್ನನ್ನು ನಡುವೆ ನಿಲ್ಲಿಸಲಿಲ್ಲ. ಕೊನೆಯವರೆಗೂ ಕೇಳಿದಳು, ಅವಳ ತಾಯಿ ನಕ್ಕದ್ದರವರೆಗೂ. ಆಮೇಲೆ ಒಂದು ಪ್ರಶ್ನೆ ಹಾಕಿದಳು.

"ಅಪ್ಪಾ, ಅಮ್ಮ ಹಾಗಂದಾಗ ನೀನೇನಂದೆ?"

ಅಮ್ಮಾ, ಇಷ್ಟು ವರ್ಷದಲ್ಲಿ ಇದನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ನೀವೂ ಕೇಳಲಿಲ್ಲ, ತಪ್ಪು ತಿಳಿಯಬೇಡಿ. ನಾನು ಏನಂದೆ ಎನ್ನುವುದು ನನಗೆ ಅಕ್ಷರ ಅಕ್ಷರವೂ ನೆನಪಿದೆ. ಫೋನನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಾಯಿಸಿದೆ. ಅವಳು ಕಾದಳು. ಕೊನೆಗೆ, "ಫೋನಲ್ಲಿ ಬೇಡ ಬಿಡು. ಮುಂದಿನ ವಾರ ಬರ್ತೀನಿ, ಆಗ ಹೇಳು" ಅಂದಳು.

ನಿಮಗೆ ಕುತೂಹಲವಿರುತ್ತದೆ, ಗೊತ್ತು. ಇಲ್ಲಿಯವರೆಗೆ ಎಲ್ಲವನ್ನೂ ನಿಮಗೇ ಮೊದಲು ಬರೆದಿದ್ದೇನೆ. ಇದೊಂದನ್ನು ಬರೆಯುವುದಿಲ್ಲ. ಇದನ್ನು ಮೊದಲು ಅವಳಿಗೆ ಹೇಳಬೇಕು.

ಇತಿ,
ಚಾಲಕ